ಅಳತೆರಾಯರ ಸ್ಕೇಲು

ಅಳತೆರಾಯರಿಗೆ ತಂದೆತಾಯಿ ಇಟ್ಟ ಹೆಸರು ಬೇರೊಂದಿತ್ತು. ಅದು ಕಚೇರಿಯ ಹಾಜರಿ ಪುಸ್ತಕ ಬಿಟ್ಟರೆ ಬೇರೆಲ್ಲೂ ಬಳಕೆಯಲ್ಲಿರಲಿಲ್ಲ. ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್‌ಸ್ಪೆಕ್ಟರಾಗಿ ಇಪ್ಪತ್ತೆರಡು ವರ್ಷ ಸವೆಸಿದ ಅವರು, ಪೇಟೆ ಬೀದಿಯ ಒಂದೊಂದು ತಕ್ಕಡಿಯ ಹೊಟ್ಟೆಯನ್ನೂ ತಡವಿ ನೋಡಿದವರು. ತರಕಾರಿಯಮ್ಮನ ತಕ್ಕಡಿಯ ತಟ್ಟೆಗೆ ಅಂಟಿದ್ದ ಮಣ್ಣನ್ನು ಉಗುರಿನಿಂದ ಕೆರೆದು, ಕಾಗದದಲ್ಲಿ ಕಟ್ಟಿ, ಅದನ್ನೇ ತೂಗಿ 'ಮೂರು ಗ್ರಾಂ' ಎಂದು ಬರೆದುಕೊಂಡವರು. ಬಟ್ಟೆ ಅಂಗಡಿಯವನ ಮೀಟರ್ ಕೋಲು ಒಂದು ಬೆರಳಿನಷ್ಟು ಸವೆದಿದೆಯೆಂದು ಕಂಕುಳಲ್ಲಿ ಇಟ್ಟುಕೊಂಡು ಹೊರಟಾಗ ಆತ ಬಾಗಿಲವರೆಗೂ ಹಿಂದೆ ಬಂದು, "ಸ್ವಲ್ಪ ಹೆಚ್ಚುಕಮ್ಮಿ ಆಗುತ್ತೆ ರಾಯರೇ, ಮನುಷ್ಯರಲ್ವಾ?" ಎಂದು ಕೈಮುಗಿದಿದ್ದ. ಅದಕ್ಕೆ ರಾಯರು ಕೊಟ್ಟ ಉತ್ತರ ಬೀದಿಗೆಲ್ಲ ಬಾಯಿಪಾಠವಾಗಿತ್ತು.

"ಮನುಷ್ಯ ಹೆಚ್ಚುಕಮ್ಮಿ ಆಗಬಹುದು ಕಣ್ರೀ. ಅಳತೆ ಆಗಬಾರದು."

ಇಪ್ಪತ್ತೆರಡು ವರ್ಷದಲ್ಲಿ ಅವರ ಮೇಲೆ ಒಂದೇ ಒಂದು ದೂರು ಬಂದಿರಲಿಲ್ಲ. ಇದನ್ನು ಅವರು ಹೇಳಿಕೊಂಡು ತಿರುಗುತ್ತಿದ್ದರು ಎನ್ನುವುದು ತಪ್ಪು. ಯಾರಾದರೂ ಕೇಳಿದರೆ ಮಾತ್ರ ಹೇಳುತ್ತಿದ್ದರು. ಕೇಳುವಂತೆ ಮಾಡುವ ಕಲೆ ಅವರಿಗೆ ಗೊತ್ತಿತ್ತು, ಅಷ್ಟೆ. ಬೇರೆಯವರಿಗೆ ಮನೆ, ತೋಟ, ಕಾರು ಇರುವ ಹಾಗೆ ರಾಯರಿಗೆ ಆ ಬಾರದ ದೂರು ಇತ್ತು.

ಇಂಥವರು ಗಿಟಾರಿನ ಸಹವಾಸಕ್ಕೆ ಬಿದ್ದದ್ದು ದೊಡ್ಡ ಸಾಹೇಬರ ನಿವೃತ್ತಿಯಿಂದ. ಇಲಾಖೆಯ ಮುಖ್ಯಸ್ಥರಾದ ಅವರನ್ನು ಹಾಡು ಹಾಡಿ ಕಳಿಸಿಕೊಡಬೇಕೆಂದು ಕಚೇರಿಯಲ್ಲಿ ತೀರ್ಮಾನವಾಯಿತು. ಹೆಡ್ ಕ್ಲರ್ಕು ಹಾಡುವುದು, ಟೈಪಿಸ್ಟ್ ಹುಡುಗಿ ಗಿಟಾರು, ಜೀಪಿನ ಡ್ರೈವರು ಡ್ರಮ್ಮು. ಎಲ್ಲ ಕೂಡಿಬಂದ ಮೇಲೆ ಟೈಪಿಸ್ಟ್, "ಒಂದು ಬೇಸ್ ಗಿಟಾರ್ ಇದ್ದಿದ್ರೆ ಚೆನ್ನಾಗಿತ್ತು" ಎಂದಳು.

"ಅದೇನಮ್ಮ ಅದು?" ಎಂದರು ರಾಯರು.

"ನಾಲ್ಕೇ ತಂತಿ ಸಾರ್, ದಪ್ಪ ದನಿ. ಅದು ಇದ್ರೆ ಯಾರಿಗೂ ಗೊತ್ತಾಗಲ್ಲ. ಇಲ್ಲದಿದ್ರೆ ಎಲ್ಲರಿಗೂ ಗೊತ್ತಾಗುತ್ತೆ."

ಇಷ್ಟು ವರ್ಷದಲ್ಲಿ ತನ್ನನ್ನು ಇಷ್ಟು ಸರಿಯಾಗಿ ಯಾರೂ ವರ್ಣಿಸಿರಲಿಲ್ಲ ಎನಿಸಿತು ರಾಯರಿಗೆ. "ಅದನ್ನ ನಾನು ನುಡಿಸ್ತೀನಿ" ಎಂದುಬಿಟ್ಟರು.

"ನಿಮಗೆ ಬರುತ್ತಾ ಸಾರ್?"

"ಬರೋದೇನು, ಕಟ್ಟೇ ಬಿಡ್ತೀನಿ. ತಂತಿ ಅರ್ಧ ಆದರೆ ಸ್ವರ ಒಂದು ಸ್ಥಾಯಿ ಮೇಲಕ್ಕೆ ಹೋಗುತ್ತೆ, ಹೌದೋ ಅಲ್ವೋ? ಸಂಗೀತ ಅಂದ್ರೆ ಅಳತೆ ಕಣಮ್ಮ. ಅಳತೆ ಸರಿ ಇದ್ದರೆ ಸ್ವರ ಎಲ್ಲಿಗೆ ಹೋಗುತ್ತೆ? ಯಾವನೋ ಕಾರ್ಖಾನೆಯವನು ಅಳೆದದ್ದನ್ನ ನಾನು ಕೈಯಲ್ಲಿ ಹಿಡಿಯೋದೇ?"

ಡ್ರೈವರ್ ಜೀಪಿನ ಕೀಲಿ ಎತ್ತಿಕೊಂಡು ಹೊರಗೆ ನಡೆದ.

ಬಿಡಿಭಾಗಗಳು ಐದು ಪೆಟ್ಟಿಗೆಗಳಲ್ಲಿ ಬಂದವು. ಒಂದರಲ್ಲಿ ಮರದ ಒಡಲು, ಒಂದರಲ್ಲಿ ಉದ್ದನೆಯ ಕುತ್ತಿಗೆ, ಇನ್ನೊಂದರಲ್ಲಿ ದನಿ ಹಿಡಿಯುವ ಪಿಕಪ್ಪು ಮತ್ತು ವೈರುಗಳು, ಮತ್ತೊಂದರಲ್ಲಿ ತಂತಿಗಳನ್ನು ಹೊತ್ತು ಕೂರುವ ಹಿತ್ತಾಳೆಯ ಸೇತುವೆ, ಕೊನೆಯದರಲ್ಲಿ ತಂತಿಗಳು. ಮನೆಯಲ್ಲಿ ಇವನ್ನೆಲ್ಲ ಹರಡಲು ಇದ್ದ ಜಾಗ ಒಂದೇ, ಹೆಂಡತಿಯ ಹೊಲಿಗೆ ಕೋಣೆ. ಅರ್ಧ ಊರಿನ ಅಂಗಿ, ಕೋಟು ಹೊಲಿಯುತ್ತಿದ್ದ ಆಕೆ ಕತ್ತರಿಸುವ ಮೇಜಿನ ಅರ್ಧವನ್ನು ಗಂಡನಿಗೆ ಬಿಟ್ಟುಕೊಟ್ಟಳು. ಉಳಿದರ್ಧದ ಮೇಲೆ ದೊಡ್ಡ ಸಾಹೇಬರ ಕೋಟಿನ ತೋಳುಗಳು ಬಿದ್ದಿದ್ದವು. ಬೀಳ್ಕೊಡುಗೆಗೆ ಅವರು ಹೊಲಿಸಲು ಕೊಟ್ಟದ್ದು ಈಕೆಯ ಹತ್ತಿರವೇ.

ಮೂರು ಭಾನುವಾರ ರಾಯರು ಮರ ಉಜ್ಜಿದರು. ಧೂಳು ಹೋಗಿ ಕೋಟಿನ ತೋಳಿನ ಮೇಲೆ ಕೂತಿತು. ಹೆಂಡತಿ ತೋಳನ್ನು ಕಿಟಕಿಯ ಹೊರಗೆ ಕೊಡವಿ ತಂದು ಮತ್ತೆ ಅದೇ ಜಾಗದಲ್ಲಿ ಇಟ್ಟಳು. ನಾಲ್ಕನೆಯ ಭಾನುವಾರ ವೈರು ಬೆಸೆಯಲು ಹೋಗಿ, ಮೇಜಿಗೆ ಸೀಸ ಬೆಸೆದರು. ಕೊನೆಗೆ ಉಳಿದದ್ದು ಸೇತುವೆ. ಮಿಕ್ಕೆಲ್ಲಕ್ಕೂ ಕಾರ್ಖಾನೆಯವರೇ ತೂತು ಕೊರೆದು ಕಳಿಸಿದ್ದರು. ಸೇತುವೆ ಎಲ್ಲಿ ಕೂರಬೇಕೆಂಬುದನ್ನು ಮಾತ್ರ ಕಟ್ಟುವವರ ವಿವೇಕಕ್ಕೆ ಬಿಟ್ಟಿದ್ದರು. ಜೊತೆಗೆ ಬಂದ ಹಾಳೆಯಲ್ಲಿ ಸ್ಪಷ್ಟವಾಗಿ ಬರೆದಿತ್ತು: ಕುತ್ತಿಗೆಯ ತುದಿಯಲ್ಲಿರುವ ತಲೆಯ ಪಟ್ಟಿಯಿಂದ ಸೇತುವೆಗೆ ಮೂವತ್ನಾಲ್ಕು ಇಂಚು.

ರಾಯರ ಚೀಲದಲ್ಲಿದ್ದ ಉಕ್ಕಿನ ಸ್ಕೇಲು ಒಂದು ಅಡಿಯದು. ಮೂರು ಸಲ ಸರಿಸಿ ಅಳೆದರೆ ಮೂರು ಸಲ ತಪ್ಪಲು ಅವಕಾಶ. ಕಚೇರಿಯ ಗಾಜಿನ ಪೆಟ್ಟಿಗೆಯಲ್ಲಿದ್ದ ಪ್ರಮಾಣದ ಕೋಲನ್ನು ಸ್ವಂತ ಕೆಲಸಕ್ಕೆ ಮುಟ್ಟುವುದು ಅಪರಾಧ. ಹೀಗೆ ಎರಡು ದೋಷಗಳನ್ನು ಮುಂದಾಲೋಚನೆಯಿಂದ ತಪ್ಪಿಸಿ, ಅವರು ಹೊಲಿಗೆ ಯಂತ್ರದ ಮೇಲೆ ನೇತಾಡುತ್ತಿದ್ದ ಹೆಂಡತಿಯ ಟೇಪಿಗೆ ಕೈ ಹಾಕಿದರು.

"ರೀ, ಆ ಟೇಪು ಇದೆಯಲ್ಲ..." ಎಂದಳು ಹೆಂಡತಿ, ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ.

"ಇದೆ. ನೋಡ್ತಾ ಇದೀನಿ."

"ಅಲ್ಲ, ಅದರದ್ದು..."

"ಏನೇ, ನನಗೆ ಅಳತೆ ಹೇಳಿಕೊಡ್ತೀಯಾ?"

ಆಕೆ ಗುಂಡುಸೂಜಿಗಳನ್ನು ಒಂದೊಂದಾಗಿ ಬಾಯಿಂದ ತೆಗೆದು ಡಬ್ಬಿಗೆ ಹಾಕಿದಳು. "ಇಲ್ಲಪ್ಪ. ಅಳೀರಿ" ಎಂದಳು.

ರಾಯರು ಟೇಪಿನ ತುದಿಯನ್ನು ಹೆಬ್ಬೆರಳಿನಿಂದ ತಲೆಯ ಪಟ್ಟಿಗೆ ಅದುಮಿ ಹಿಡಿದು, ಇನ್ನೊಂದು ಕೊನೆಯಲ್ಲಿ ಮೂವತ್ನಾಲ್ಕನ್ನು ಕಣ್ಣು ಕಿರಿದು ಮಾಡಿ ನೋಡಿ, ಕೂದಲೆಳೆಯಷ್ಟೂ ಆಚೀಚೆ ಆಗದಂತೆ ಗುರುತು ಹಾಕಿದರು. ಐದು ತೂತು ಕೊರೆದರು. ಸೇತುವೆ ಕೂತಿತು. ತಂತಿ ಬಿಗಿದರು. ಗಿಟಾರು ನಿಜವಾಗಿಯೂ ಗಿಟಾರಿನ ಹಾಗೆಯೇ ಕಾಣುತ್ತಿತ್ತು. ಇದರಿಂದ ಅತ್ಯಂತ ಆಶ್ಚರ್ಯಪಟ್ಟವರು ರಾಯರೇ, ಆದರೆ ತೋರಿಸಿಕೊಳ್ಳಲಿಲ್ಲ.

ತೊಂದರೆ ಆರಂಭವಾದದ್ದು ನುಡಿಸಿದಾಗ. ಕೈ ಇಡದೆ ಮೀಟಿದರೆ ನಾಲ್ಕು ತಂತಿಯೂ ಗಂಭೀರವಾಗಿ ಮಾತಾಡುತ್ತಿದ್ದವು. ಟೈಪಿಸ್ಟ್ ಬರೆದುಕೊಟ್ಟ ಚೀಟಿಯ ಪ್ರಕಾರ ಕುತ್ತಿಗೆಯ ಮೇಲಿನ ಲೋಹದ ಮೆಟ್ಟಿಲುಗಳನ್ನು ಒತ್ತುತ್ತ ಹೋದರೆ, ಹೋದಷ್ಟೂ ಅಪಸ್ವರ. ರಾಯರು ಮೊದಲು ಬೆರಳನ್ನು ಸಂಶಯಿಸಿದರು, ಆಮೇಲೆ ತಂತಿಯನ್ನು, ಆಮೇಲೆ ಹವೆಯ ತೇವವನ್ನು. ಅಳತೆಯನ್ನು ಸಂಶಯಿಸುವ ಯೋಚನೆ ಅವರಿಗೆ ಬರಲಿಲ್ಲ. ಹೆಂಡತಿ ಕೋಟಿಗೆ ಗುಂಡಿ ಹೊಲಿಯುತ್ತ ಆಗಾಗ ತಲೆಯೆತ್ತಿ ನೋಡುತ್ತಿದ್ದಳು. ಕೇಳಿದರೆ ಹೇಳೋಣ ಎಂದಿದ್ದಳು. ರಾಯರು ಕೇಳಲಿಲ್ಲ.

ಬೀಳ್ಕೊಡುಗೆಗೆ ಹತ್ತು ದಿನ ಇದೆ ಎನ್ನುವಾಗ ಅವರು ಗಿಟಾರನ್ನು ಬೆಡ್‌ಶೀಟಿನಲ್ಲಿ ಸುತ್ತಿಕೊಂಡು ಪೇಟೆ ಬೀದಿಯ ವಾದ್ಯ ರಿಪೇರಿ ಮಾಸ್ತರರ ಅಂಗಡಿಗೆ ಹೋದರು. ಮೂವತ್ತು ವರ್ಷ ಡ್ರಮ್ಮು, ಆಂಪ್ಲಿಫೈಯರುಗಳ ನಡುವೆ ಬಾಳಿದ್ದರಿಂದ ಮಾಸ್ತರರ ಕಿವಿಗೆ ಸ್ವರ ಕೂದಲೆಳೆಯಷ್ಟು ಆಚೀಚೆಯಾದರೂ ಕೇಳುತ್ತಿತ್ತು, ಮನುಷ್ಯರ ಮಾತು ಮಾತ್ರ ಕೇಳುತ್ತಿರಲಿಲ್ಲ. ತನ್ನ ಮಾತೂ ತನಗೆ ಕೇಳಲಿ ಎಂದು ಅವರು ಸದಾ ಬೀದಿಗೆ ಕೇಳುವಂತೆ ಮಾತಾಡುತ್ತಿದ್ದರು.

ಮಾಸ್ತರರು ಗಿಟಾರನ್ನು ತೊಡೆಯ ಮೇಲಿಟ್ಟು ಮೀಟಿದರು. "ಖಾಲಿ ತಂತಿ ಸತ್ಯ. ಮೊದಲನೇ ಮೆಟ್ಟಿಲು ಪರವಾಗಿಲ್ಲ. ಐದನೇದು ಸುಳ್ಳು. ಹನ್ನೆರಡನೇದು ಹಸಿಸುಳ್ಳು! ಮೇಲಕ್ಕೆ ಹೋದ ಹಾಗೆಲ್ಲ ಸುಳ್ಳು ಜಾಸ್ತಿ ಆಗ್ತಾ ಹೋಗುತ್ತೆ!"

ಇದು ಗಿಟಾರಿನ ದೋಷವೋ ಕಚೇರಿಯ ವರ್ಣನೆಯೋ ಎಂದು ರಾಯರಿಗೆ ಒಂದು ಕ್ಷಣ ಅನುಮಾನವಾಯಿತು.

ಮಾಸ್ತರರು ತಮ್ಮ ಉಕ್ಕಿನ ಪಟ್ಟಿ ತಂದು ಅಳೆದು, ಕನ್ನಡಕವನ್ನು ಹಣೆಗೇರಿಸಿ ಕೂಗಿದರು. "ರಾಯರೇ! ನಿಮ್ಮ ಸ್ಕೇಲೇ ತಪ್ಪು! ಒಂದು ಇಂಚು ಮೋಸ ಇದೆ!"

ಸ್ಕೇಲು ಎಂದರೆ ಆ ಕಸುಬಿನಲ್ಲಿ ತಲೆಯ ಪಟ್ಟಿಯಿಂದ ಸೇತುವೆಯವರೆಗಿನ ತಂತಿಯ ಉದ್ದ. ಇದು ಮಾಸ್ತರರಿಗೆ ಗೊತ್ತಿತ್ತು, ರಾಯರಿಗೂ ಗೊತ್ತಿತ್ತು. ಪಕ್ಕದ ಗಾಡಿಯಲ್ಲಿ ಟೊಮೆಟೊ ಆರಿಸುತ್ತಿದ್ದ ತರಕಾರಿಯಮ್ಮನಿಗೆ ಗೊತ್ತಿರಲಿಲ್ಲ. ಆಕೆಯ ಕೈಯಲ್ಲಿದ್ದ ಟೊಮೆಟೊ ಅಲ್ಲೇ ನಿಂತಿತು.

"ಏನಂದ್ರು? ಅಳತೆರಾಯರ ಸ್ಕೇಲು ತಪ್ಪಂತಾ?"

"ಒಂದು ಇಂಚು ಮೋಸವಂತೆ" ಎಂದ ಎದುರು ಅಂಗಡಿಯ ಬಟ್ಟೆಯವನು, ಹಬ್ಬದ ಮುಖ ಮಾಡಿಕೊಂಡು. "ನಂದು ಬರೀ ಒಂದು ಬೆರಳು! ಒಂದು ಬೆರಳಿಗೆ ಕೋಲು ತಗೊಂಡು ಹೋದ್ರು!"

ರಾಯರು ಹೊರಗೆ ಬಂದು, "ಅದು ಗಿಟಾರಿಂದು, ಗಿಟಾರಿಂದು" ಎಂದರು. ಬೆಡ್‌ಶೀಟಿನಲ್ಲಿ ಏನನ್ನೋ ಸುತ್ತಿ ಬಗಲಲ್ಲಿ ಅಡಗಿಸಿಕೊಂಡು ಹಾಗೆ ಹೇಳಿದ ಮನುಷ್ಯನನ್ನು ಯಾರೂ ನಂಬಲಿಲ್ಲ.

ಸಂಜೆಯ ಹೊತ್ತಿಗೆ ಸುದ್ದಿ ಬೀದಿಯ ಎರಡೂ ತುದಿ ಮುಟ್ಟಿ ಮನೆಗಳ ಒಳಗೂ ಹೊಕ್ಕಿತು. ತಪ್ಪು ಸ್ಕೇಲಿನಲ್ಲಿ ಪರೀಕ್ಷಿಸಿದ ಮೇಲೆ ತಮ್ಮ ತಕ್ಕಡಿ ಸರಿಯೋ ತಪ್ಪೋ ಎಂದು ಅಂಗಡಿಯವರು ಕೇಳಿದರು. ಸ್ಕೇಲಿನಿಂದ ತಕ್ಕಡಿ ಪರೀಕ್ಷಿಸುವುದಿಲ್ಲ ಎಂಬ ಸಣ್ಣ ಸಂಗತಿ ಯಾರ ಉತ್ಸಾಹವನ್ನೂ ಕುಗ್ಗಿಸಲಿಲ್ಲ. ಮರುದಿನ ಬೆಳಿಗ್ಗೆ ರಾಯರ ಬಾಗಿಲಲ್ಲಿ ತಕ್ಕಡಿ, ತೂಕದ ಬಟ್ಟು, ಲೀಟರ್ ಡಬ್ಬಿ ಹಿಡಿದವರ ಸಾಲು ನಿಂತಿತ್ತು.

"ಹೊಸದಾಗಿ ಮುದ್ರೆ ಹಾಕಿಕೊಡಿ ರಾಯರೇ" ಎಂದಳು ತರಕಾರಿಯಮ್ಮ. "ಸರಿಯಾದ ಸ್ಕೇಲಲ್ಲಿ ನೋಡಿ. ಆ ಮೂರು ಗ್ರಾಂ ಮಣ್ಣು ಇನ್ನೂ ನಿಮ್ಮ ಹತ್ರ ಇದ್ರೆ ಅದನ್ನೂ ವಾಪಸ್ ಕೊಡಿ."

ಪಕ್ಕದ ಮನೆಯಾಕೆ ಮಗಳನ್ನು ಕರೆತಂದಿದ್ದಳು. "ಇವಳ ಎತ್ತರ ನೀವೇ ಅಲ್ವಾ ಅಳೆದು ಗೋಡೆ ಮೇಲೆ ಬರೆದಿದ್ದು? ಎರಡು ವರ್ಷದಿಂದ ಬೆಳೆದಿಲ್ಲ ಅಂತ ಡಾಕ್ಟರ ಹತ್ರ ಓಡಾಡ್ತಾ ಇದೀವಿ. ಈಗ ಗೊತ್ತಾಯ್ತು."

ಕಚೇರಿಗೆ ಹೋದರೆ ಹೆಡ್ ಕ್ಲರ್ಕು ಸುದ್ದಿಯನ್ನು ತನ್ನದೇ ರೀತಿಯಲ್ಲಿ ಅರ್ಥ ಮಾಡಿಕೊಂಡು ಕಾಯುತ್ತಿದ್ದ. "ನಿಮ್ಮ ಸ್ಕೇಲು ತಪ್ಪಾಗಿದೆಯಂತೆ ಸಾರ್? ಬೇಜಾರು ಮಾಡ್ಕೋಬೇಡಿ. ನನ್ನ ಸಂಬಳದ ಸ್ಕೇಲೂ ಹತ್ತು ವರ್ಷದಿಂದ ತಪ್ಪೇ. ಒಂದು ಅರ್ಜಿ ಹಾಕಿ."

ಅರ್ಜಿ ಹಾಕಿದವರು ಬೀದಿಯವರು. ನಲವತ್ತೊಂದು ಸಹಿ, ಆರು ಹೆಬ್ಬೆಟ್ಟು. ಇಪ್ಪತ್ತೆರಡು ವರ್ಷ ಖಾಲಿಯಿದ್ದ ರಾಯರ ಕಡತದೊಳಗೆ ಮೊದಲ ದೂರು ಹೋಗಿ ಕೂತಿತು. ರಾಯರು ಆ ದಿನ ಮಧ್ಯಾಹ್ನ ಊಟದ ಡಬ್ಬಿ ತೆರೆಯಲಿಲ್ಲ. ಗಿಟಾರಿನ ಚೀಟಿಯನ್ನು ಮಡಚಿ ಜೇಬಿಗೆ ಹಾಕಿಕೊಂಡು ಟೈಪಿಸ್ಟಿಗೆ, "ಬೇರೆ ಯಾರಾದರೂ ಸಿಗ್ತಾರಾ ನೋಡಮ್ಮ" ಎಂದರು. ಆಕೆ, "ಸಾರ್, ದೂರು ಬಂದಿರೋದು ಸ್ಕೇಲಿನ ಮೇಲೆ, ನಿಮ್ಮ ಮೇಲಲ್ಲ" ಎಂದಳು. ರಾಯರಿಗೆ ಅವೆರಡರ ನಡುವೆ ವ್ಯತ್ಯಾಸ ಇದೆಯೆಂದು ಇದುವರೆಗೆ ಯಾರೂ ತಿಳಿಸಿರಲಿಲ್ಲ.

ದೊಡ್ಡ ಸಾಹೇಬರು ಸ್ವತಃ ತನಿಖೆಗೆ ಬಂದರು. ಜೀಪಿನಿಂದ ಇಳಿದು, ಪ್ರಮಾಣದ ಕೋಲಿನ ಪೆಟ್ಟಿಗೆಯನ್ನು ಮಲಗಿದ ಮಗುವಿನ ಹಾಗೆ ಎರಡೂ ಕೈಯಲ್ಲಿ ಹೊತ್ತು ಡ್ರೈವರ್ ಹಿಂದೆ ಬಂದ. ಹೊಲಿಗೆ ಕೋಣೆಯ ಬಾಗಿಲಲ್ಲಿ, ಕಿಟಕಿಯಲ್ಲಿ, ಕಿಟಕಿಯ ಹೊರಗಿನ ಕಟ್ಟೆಯ ಮೇಲೆ ಬೀದಿಯೇ ನಿಂತಿತ್ತು. ಸಾಹೇಬರು ಮೊದಲು ರಾಯರ ಉಕ್ಕಿನ ಸ್ಕೇಲನ್ನು ಕೋಲಿನ ಪಕ್ಕ ಇಟ್ಟರು.

"ಸರಿ ಇದೆ."

ಕಿಟಕಿಯಲ್ಲಿ ನಿರಾಸೆಯ ಉಸಿರು ಕೇಳಿಸಿತು.

"ಹಾಗಾದರೆ ತಪ್ಪಿರೋ ಸ್ಕೇಲು ಯಾವುದ್ರೀ?"

ರಾಯರು ಬೆಡ್‌ಶೀಟು ಬಿಚ್ಚಿ ಗಿಟಾರನ್ನು ಮೇಜಿನ ಮೇಲೆ ಮಲಗಿಸಿದರು. ಸಾಹೇಬರು ಮಾಸ್ತರರನ್ನು ಕರೆಸಿ, ಸ್ಕೇಲೆಂದರೆ ಏನೆಂದು ಎರಡು ಸಲ ಕೇಳಿ, ಒಂದು ಸಲಕ್ಕೆ ಮೂರು ಬೀದಿಗೆ ಕೇಳುವ ಉತ್ತರ ಪಡೆದು, ಕೋಲಿಟ್ಟು ಅಳೆದರು.

"ಮೂವತ್ತಮೂರು ಇಂಚು. ಎಷ್ಟಿರಬೇಕಿತ್ತು?"

"ಮೂವತ್ನಾಲ್ಕು ಸಾರ್" ಎಂದರು ರಾಯರು.

"ಯಾವುದರಿಂದ ಅಳೆದ್ರಿ?"

ರಾಯರ ಕಣ್ಣು ಹೆಂಡತಿಯ ಕುತ್ತಿಗೆಯಲ್ಲಿ ಇಳಿಬಿದ್ದಿದ್ದ ಟೇಪಿನ ಕಡೆ ಹೋಯಿತು. ಅದರ ತುದಿ ಮೊದಲ ಬಾರಿಗೆ ಅವರಿಗೆ ಸರಿಯಾಗಿ ಕಂಡಿತು. ಅಲ್ಲಿ ಸೊನ್ನೆ ಇರಲಿಲ್ಲ. ತಗಡೂ ಇರಲಿಲ್ಲ. ಟೇಪು ಒಂದರಿಂದಲೇ ಶುರುವಾಗುತ್ತಿತ್ತು.

ಕಸುಬಿಗೆ ಬಳಸುವ ಅಳತೆ ತಪ್ಪಿದ್ದರೆ ವಶಪಡಿಸಿಕೊಳ್ಳಬೇಕೆಂಬ ನಿಯಮವನ್ನು ಆ ಕೋಣೆಯಲ್ಲಿ ಅವರಷ್ಟು ಚೆನ್ನಾಗಿ ಬಲ್ಲವರಿರಲಿಲ್ಲ. ಒಂದು ಮಾತು ಹೇಳಿದರೆ ತಮ್ಮ ಕಡತ ಚೊಕ್ಕಟ, ಹೆಂಡತಿಯ ಹೆಸರು ಬೀದಿಪಾಲು. ರಾಯರು ಕೆಮ್ಮಿದರು.

"ಅದು... ಸ್ವಲ್ಪ ಹೆಚ್ಚುಕಮ್ಮಿ ಆಯ್ತು ಸಾರ್. ಮನುಷ್ಯ ಅಲ್ವಾ."

ಬಟ್ಟೆ ಅಂಗಡಿಯವನು ಕಿಟಕಿಯ ಸರಳುಗಳ ನಡುವೆ ಮುಖ ತೂರಿಸಿದ. "ರಾಯರೇ, ಇನ್ನೊಂದು ಸಲ ಹೇಳಿ. ಸರಿಯಾಗಿ ಕೇಳಿಸಲಿಲ್ಲ."

ಹೆಂಡತಿ ಗಂಡನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಕುತ್ತಿಗೆಯಿಂದ ಟೇಪು ತೆಗೆದು ಸಾಹೇಬರ ಮುಂದೆ ಚಾಚಿದಳು.

"ಅವರು ಅಳೆದಿದ್ದು ಇದರಲ್ಲಿ ಸಾರ್. ತುದಿಯ ತಗಡು ಹರಿದುಹೋಗಿ ಒಂದು ಇಂಚು ಕತ್ತರಿಸಿ ಆರು ವರ್ಷ ಆಯ್ತು. ನಾನು ಯಾವಾಗಲೂ ಒಂದು ಕಳೆದೇ ಲೆಕ್ಕ ಹಾಕೋದು. ಹೇಳೋಕೆ ಹೋದೆ. 'ಏನೇ, ನನಗೆ ಅಳತೆ ಹೇಳಿಕೊಡ್ತೀಯಾ' ಅಂದ್ರು."

ಆ ಧ್ವನಿಯನ್ನು ಆಕೆ ಎಷ್ಟು ಚೆನ್ನಾಗಿ ಅನುಕರಿಸಿದಳೆಂದರೆ, ಆ ಧ್ವನಿಯ ಪರಿಚಯವಿದ್ದ ನಲವತ್ತೊಂದು ಸಹಿಯವರೂ ಆರು ಹೆಬ್ಬೆಟ್ಟಿನವರೂ ಒಟ್ಟಿಗೆ ನಕ್ಕರು. ತರಕಾರಿಯಮ್ಮ ಕಟ್ಟೆಯ ಮೇಲೆ ಕೂತೇಬಿಟ್ಟಳು. ಡ್ರೈವರ್ ಪೆಟ್ಟಿಗೆಯ ಹಿಂದೆ ಮುಖ ಮರೆಸಿಕೊಂಡ.

ಸಾಹೇಬರು ಮಾತ್ರ ನಗಲಿಲ್ಲ. "ಇದನ್ನ ವಶಪಡಿಸಿಕೋಬೇಕಾಗುತ್ತೆ. ಈ ಪ್ರದೇಶದ ಇನ್‌ಸ್ಪೆಕ್ಟರು ನೀವೇ. ಬರೀರಿ."

"ಬರೀಲಿ ಸಾರ್" ಎಂದಳು ಹೆಂಡತಿ. "ನಿಮ್ಮ ಕೋಟೂ ಇದರಲ್ಲೇ ಅಳೆದಿದ್ದು."

ಸಾಹೇಬರ ಮುಖದ ಬಣ್ಣ ಬದಲಾಯಿತು. ತನಿಖೆ ಅಲ್ಲಿಗೇ ನಿಂತು, ಕೋಟು ತಂದು ತೊಡಿಸಿ ನೋಡಿದರು. ಭುಜ ಭುಜಕ್ಕೆ ಕೂತಿತ್ತು, ಬೆನ್ನಿನಲ್ಲಿ ಒಂದು ಸುಕ್ಕಿಲ್ಲ. ಸಾಹೇಬರು ಕನ್ನಡಿಯಲ್ಲಿ ಎಡಕ್ಕೆ ತಿರುಗಿದರು, ಬಲಕ್ಕೆ ತಿರುಗಿದರು, ಮೂವತ್ತು ವರ್ಷದ ಸೇವೆಯಲ್ಲಿ ಯಾರೂ ಕಾಣದ ಒಂದು ಸಣ್ಣ ನಗೆ ನಕ್ಕರು.

"ಇನ್ನೊಂದು ತೋಳು ಬಾಕಿ ಇದೆ" ಎಂದಳು ಆಕೆ.

"ಅದನ್ನ ಹೊಸ ಟೇಪಲ್ಲಿ ಹೊಲೀಬಹುದಲ್ಲಮ್ಮ?"

"ಹೊಲೀಬಹುದು. ಆದ್ರೆ ಆರು ವರ್ಷದ ಅಭ್ಯಾಸ ಸಾರ್. ಕೈ ತಾನಾಗೇ ಒಂದು ಕಳೆದುಬಿಡುತ್ತೆ."

ಸಾಹೇಬರು ಬರಿಯ ಒಂದು ತೋಳಿನ ಕೋಟಿನಲ್ಲಿ ನಿಂತು ಬಹಳ ಹೊತ್ತು ಯೋಚಿಸಿದರು. ಕಾಯಿದೆ ಒಂದು ಕಡೆ, ತೋಳು ಒಂದು ಕಡೆ. ಕೊನೆಗೆ ಅವರು ಹೇಳಿದ ಹಾಗೆ ರಾಯರು ಬರೆದರು: ತಪ್ಪು ಅಳತೆಯ ಟೇಪು ಒಂದನ್ನು ಇನ್‌ಸ್ಪೆಕ್ಟರ ಸ್ವಂತ ಮನೆಯಲ್ಲಿ ವಶಪಡಿಸಿಕೊಳ್ಳಲಾಗಿದೆ, ಸುರಕ್ಷತೆಯ ದೃಷ್ಟಿಯಿಂದ ಸದರಿ ಟೇಪನ್ನು ಬೀಳ್ಕೊಡುಗೆ ಮುಗಿಯುವವರೆಗೆ ಸದರಿ ಮನೆಯ ಹೊಲಿಗೆ ಯಂತ್ರದ ಮೇಲೆಯೇ ಇಡಲಾಗಿದೆ. ಸಾಕ್ಷಿಗೆ ಇಬ್ಬರು ಸಾಕಿತ್ತು. ಬೀದಿಯೇ ಸಾಲುಗಟ್ಟಿತು. ಮೊದಲ ಸಹಿ ಬಟ್ಟೆ ಅಂಗಡಿಯವನದು, ಅದನ್ನು ಅವನು ಒಂದು ಇಂಚು ಉದ್ದ ಮಾಡಿದ.

ಎಲ್ಲರೂ ಹೋದ ಮೇಲೆ ರಾಯರು ಸೇತುವೆಯ ತಿರುಪುಗಳನ್ನು ಒಂದೊಂದಾಗಿ ಬಿಚ್ಚಿದರು. ಆಮೇಲೆ ಕೈ ಚಾಚಿ, "ಆ ಟೇಪು ಕೊಡು" ಎಂದರು.

"ಯಾವುದು, ಇದೇನಾ?"

"ಅದೇ. ಎಲ್ಲಿಗೆ ಗುರುತು ಹಾಕಲಿ, ನೀನೇ ಹೇಳು."

"ಮೂವತ್ತೈದು ಅಂತ ಬರೋ ಕಡೆ ಹಾಕಿ."

ಇಪ್ಪತ್ತೆರಡು ವರ್ಷದ ಸೇವೆಯ ಅಳತೆರಾಯರು ಮೂವತ್ನಾಲ್ಕು ಬೇಕಾದ ಕಡೆ, ಯಾವ ಪ್ರಶ್ನೆಯನ್ನೂ ಕೇಳದೆ, ಮೂವತ್ತೈದಕ್ಕೆ ಗುರುತು ಹಾಕಿದರು. ತಂತಿ ಬಿಗಿದು ಹನ್ನೆರಡನೆಯ ಮೆಟ್ಟಿಲು ಒತ್ತಿ ಮೀಟಿದರು. ದನಿ ಸುಳ್ಳು ಹೇಳಲಿಲ್ಲ. ಒಡಲಿನ ಮೇಲೆ ಹಳೆಯ ತೂತುಗಳು ಐದೂ ಹಾಗೇ ಉಳಿದವು. ಅವನ್ನು ಮುಚ್ಚಿಕೊಡುತ್ತೇನೆಂದು ಮಾಸ್ತರರು ಬೀದಿಗೆಲ್ಲ ಕೇಳುವಂತೆ ಹೇಳಿದರು, ರಾಯರು ಬೇಡವೆಂದರು.

ಬೀಳ್ಕೊಡುಗೆಯ ದಿನ ಹೆಡ್ ಕ್ಲರ್ಕು ಎರಡು ಕಡೆ ಸಾಲು ಮರೆತ, ಡ್ರೈವರ್ ಡ್ರಮ್ಮಿನ ಒಂದು ಕೋಲು ಬೀಳಿಸಿದ. ಬೇಸ್ ಗಿಟಾರು ಇದ್ದದ್ದು ಯಾರಿಗೂ ಗೊತ್ತಾಗಲಿಲ್ಲ. ಟೈಪಿಸ್ಟ್ ಬಂದು, "ತುಂಬ ಚೆನ್ನಾಗಿತ್ತು ಸಾರ್, ಯಾರೂ ಗಮನಿಸಲೇ ಇಲ್ಲ" ಎಂದಳು. ಎರಡು ಸರಿಯಾದ ತೋಳುಗಳ ಕೋಟು ತೊಟ್ಟ ದೊಡ್ಡ ಸಾಹೇಬರು ಭಾಷಣದಲ್ಲಿ, ನಮ್ಮ ಅಳತೆರಾಯರ ಮೇಲೆ ಇಪ್ಪತ್ತೆರಡು ವರ್ಷದಲ್ಲಿ ಬಂದದ್ದು ಒಂದೇ ದೂರು, ಅದರ ಮಹಜರನ್ನೂ ಅವರೇ ಬರೆದರು ಎಂದರು. ಮರುದಿನ ಹಳೆಯ ಟೇಪು ಕಚೇರಿಯ ಕಪಾಟು ಸೇರಿತು. ರಾಯರು ಹೊಸ ಟೇಪೊಂದನ್ನು ತಂದು, ಸೊನ್ನೆಯಿಂದ ಕೊನೆಯವರೆಗೆ ತಾವೇ ಪರೀಕ್ಷಿಸಿ, ಇಲಾಖೆಯ ಮುದ್ರೆ ಒತ್ತಿ ಹೆಂಡತಿಯ ಕೈಗೆ ಕೊಟ್ಟರು. ಆಕೆ ಅದರಲ್ಲಿ ಮೊದಲು ಹೊಲಿದದ್ದು ಗಂಡನಿಗೆ ಒಂದು ಅಂಗಿ.

ಸೋಮವಾರ ರಾಯರು ಆ ಅಂಗಿ ತೊಟ್ಟು ಪೇಟೆ ಬೀದಿಗೆ ತಪಾಸಣೆಗೆ ಹೊರಟರು. ಕಾಲರಿನ ಗುಂಡಿ ಹಾಕಲು ಬಂದಿರಲಿಲ್ಲ. ಎರಡೂ ಕೈಗಳ ಮಣಿಕಟ್ಟು ಒಂದೊಂದು ಇಂಚು ಹೊರಗೆ ಕಾಣುತ್ತಿತ್ತು. ಅವರು ತಕ್ಕಡಿಯ ತಟ್ಟೆ ತಿರುಗಿಸಿ ನೋಡಿದರು. ತರಕಾರಿಯಮ್ಮ ಅವರ ಮಣಿಕಟ್ಟನ್ನು ತಿರುಗಿ ತಿರುಗಿ ನೋಡಿದಳು.

"ರಾಯರೇ, ಹೊಸ ಅಂಗಿನಾ?"

"ಹೂಂ."

"ಟೇಪು ಸರಿಯಾದ್ದೇ ತಾನೇ?"

"ಪಕ್ಕಾ" ಎಂದರು ರಾಯರು, ತೋಳನ್ನು ಕೆಳಕ್ಕೆ ಎಳೆದುಕೊಳ್ಳುತ್ತ. "ಮುದ್ರೆ ಬಿದ್ದಿದೆ."